ಪ್ರಕರಣ: ಹಡಗಿನಲ್ಲಿ 47 ದಿನ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ದಾಂಪತ್ಯ ಸಲಹೆಗೆ ಬಂದವರು ಉಡುಪಿ ಕಡೆಯ 28 ವರ್ಷದ ಮಹಿಳೆ, ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕಿಯಾಗಿದ್ದವರು. ಗಂಡನಿಗೆ 33, ಪೆಟ್ರೋಲ್, ಡೀಸೆಲ್‌ನಂಥ ತೈಲ ಸಾಗಿಸುವ ಪ್ರಾಡಕ್ಟ್ ಟ್ಯಾಂಕರ್ ಹಡಗಿನಲ್ಲಿ ಸೆಕೆಂಡ್ ಇಂಜಿನಿಯರ್. ಮದುವೆಯಾಗಿ 16 ತಿಂಗಳಾಗಿತ್ತು, ಒಂದೇ ಸೂರಿನಡಿ ಇದ್ದದ್ದು ಐದು ತಿಂಗಳೂ ಇಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು, ನಾಲ್ಕು ತಿಂಗಳು ಇದ್ದು ಬರುವ ಲೆಕ್ಕದಲ್ಲಿ ಗಂಡನ ಜೊತೆ ಹಡಗು ಹತ್ತಿದ್ದರು. 47ನೇ ದಿನ ಸಿಂಗಾಪುರದಲ್ಲಿ ಹಡಗಿನಿಂದ ಸೈನ್ ಆಫ್ ಆಗಿ (ಹೆಸರು ತೆಗೆಸಿ ಇಳಿದು) ಒಬ್ಬರೇ ಮಂಗಳೂರಿನ ಬಜಪೆ ವಿಮಾನ ನಿಲ್ದಾಣಕ್ಕೆ ಬಂದಿಳಿದರು. ಹೋದದ್ದು ಗಂಡನ ಮನೆಗಲ್ಲ, ತವರಿಗೆ.

ಆಕೆಯ ದೂರು: "ಅವರಿಗೆ ನಾನು ಬೇಡ." ಹಡಗಿನಿಂದ ಫೋನಿನಲ್ಲಿ ಆತನದು: "ಎಲ್ಲರೆದುರು ನನ್ನ ಮಾನ ಹೋಯಿತು." ಅತ್ತೆಯ ಮಾತು ಬೇರೆಯೇ: "ಹಡಗಿಗೆ ಹೋಗಿ ಬರಿಗೈಲಿ ಬಂದಳು." ಬರಿಗೈ ಅಂದರೆ ಬಸಿರಾಗದೆ ಅಂತ.

ಮೊದಲ ಭೇಟಿಯಲ್ಲಿ ಆಕೆಯೊಬ್ಬರನ್ನೇ ಕೂರಿಸಿ ಮೂರು ವಿಷಯ ಕೇಳಲಾಯಿತು: ಹೊಡೆದದ್ದುಂಟೇ, ಫೋನು ಕಸಿದಿಟ್ಟದ್ದುಂಟೇ, ಸಾಯಬೇಕು ಅನ್ನಿಸಿದ್ದುಂಟೇ. ಪಾಸ್‌ಪೋರ್ಟ್ ತಮ್ಮ ಬಳಿ ಇರಲಿಲ್ಲ ಎಂದು ಆಕೆ ಹೇಳಿದರು. ಹಡಗಿನಲ್ಲಿ ಎಲ್ಲರ ಪಾಸ್‌ಪೋರ್ಟೂ ಕ್ಯಾಪ್ಟನ್ ಬಳಿಯೇ ಇರುವುದು ರೂಢಿ. ಇದು ಗೊತ್ತಿಲ್ಲದ ಸಲಹೆಗಾರರು ಅಲ್ಲೇ ತಪ್ಪು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆ ಮೂರು ಪ್ರಶ್ನೆಗೂ "ಇಲ್ಲ" ಎಂದೇ ಉತ್ತರ ಬಂತು. ಖಿನ್ನತೆಯ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 12, ಅಂದರೆ ಮಧ್ಯಮ ಮಟ್ಟ. ನಾಲ್ಕು ವಾರ ಬಿಟ್ಟು ಮತ್ತೆ ನೋಡುವುದು, ಏರಿದರೆ ಮನೋವೈದ್ಯರಲ್ಲಿಗೆ ಕಳಿಸುವುದು ಎಂದಾಯಿತು. ರಾತ್ರಿ ತೀರಾ ಕಷ್ಟವಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಲಾಯಿತು.

ಆಮೇಲೆ 47 ದಿನವನ್ನು ಕ್ಯಾಲೆಂಡರ್ ಇಟ್ಟುಕೊಂಡು ಒಂದೊಂದಾಗಿ ಬಿಡಿಸಲಾಯಿತು. ಇಂಥ ಪ್ರಕರಣದಲ್ಲಿ "ಹೇಗಿತ್ತು?" ಎಂದು ಕೇಳಿದರೆ ಅಳು ಬರುತ್ತದೆಯೇ ಹೊರತು ವಿಷಯ ಬರುವುದಿಲ್ಲ.

ಡಿಸೆಂಬರ್ ಕೊನೆಯಲ್ಲಿ ಯುಎಇಯ ಫುಜೈರಾದ ಆಂಕರೇಜ್‌ನಲ್ಲಿ (ಹಡಗು ಲಂಗರು ಹಾಕಿ ನಿಲ್ಲುವ ಜಾಗ) ಲಾಂಚ್ ಎಂಬ ಸಣ್ಣ ದೋಣಿಯ ಮೂಲಕ ಹತ್ತಿದ್ದು. ಅದೇ ದೇಶದ ರುವೈಸ್‌ನಲ್ಲಿ ಲೋಡ್ ಮಾಡಿ ಜಪಾನಿನ ಚಿಬಾಕ್ಕೆ ಹೊರಟ ಹಡಗು. ಮಲಕ್ಕಾ ಜಲಸಂಧಿ ದಾಟುವವರೆಗೆ ಸಮುದ್ರ ಕೆರೆಯ ಹಾಗಿತ್ತು. ದಕ್ಷಿಣ ಚೀನಾ ಸಮುದ್ರಕ್ಕೆ ಹೊಕ್ಕದ್ದೇ ಈಶಾನ್ಯ ಮಾರುತ ಎದುರಿನಿಂದ, ಆರು ದಿನ ವಾಂತಿ. ಯುಎಇಗೂ ಜಪಾನಿಗೂ ಐದು ಗಂಟೆಯ ವ್ಯತ್ಯಾಸ. ಪೂರ್ವಕ್ಕೆ ಹೋಗುತ್ತ ಹಡಗಿನ ಗಡಿಯಾರವನ್ನು ಐದು ರಾತ್ರಿ ಒಂದೊಂದು ಗಂಟೆ ಮುಂದಿಡುತ್ತಾರೆ; ಆ ಗಂಟೆ ಕಳೆಯುವುದು ಗಂಡನ ನಿದ್ದೆಯಿಂದ. ಚಿಬಾದಲ್ಲಿ ಇಳಿಯಲು ಆಕೆಯ ಬಳಿ ಬೇಕಾದ ಕಾಗದಪತ್ರ ಇರಲಿಲ್ಲ. ಪೋರ್ಟ್‌ಹೋಲ್‌ನಿಂದ ಊರು ಕಂಡಿತು, ಅಷ್ಟೇ. ಸಿಂಗಾಪುರದವರೆಗೆ ಕಾಲಿಗೆ ಮಣ್ಣು ತಾಗಲಿಲ್ಲ. ಕೇಳಿದವರಿಗೆಲ್ಲ ಆಕೆ "ವರ್ಲ್ಡ್ ಟೂರ್" ಎಂದು ಹೇಳಿ ಹೋಗಿದ್ದರು.

ಎರಡು ಘಟನೆಗಳನ್ನು ಆಕೆ ಮತ್ತೆ ಮತ್ತೆ ಹೇಳಿದರು.

ಮೊದಲನೆಯದು ಅಲಾರ್ಮ್. ಇದು ರಾತ್ರಿ ಇಂಜಿನ್ ರೂಮಿನಲ್ಲಿ ಯಾರೂ ಇರದ ಯುಎಂಎಸ್ ಹಡಗು. ಸೆಕೆಂಡ್, ಥರ್ಡ್, ಫೋರ್ತ್ ಇಂಜಿನಿಯರರು ಸರದಿಯಲ್ಲಿ ಡ್ಯೂಟಿ, ಮೂರು ರಾತ್ರಿಗೊಮ್ಮೆ. ಕ್ಯಾಬಿನ್‌ನಲ್ಲಿ ಮಂಚದ ತಲೆಬದಿಗೇ ಪ್ಯಾನೆಲ್. ಒಂದು ರಾತ್ರಿ 2.10ಕ್ಕೆ ಬಡಿಯಿತು: ಬಿಲ್ಜ್ ವೆಲ್ ಹೈ ಲೆವೆಲ್, ಎಂದರೆ ಇಂಜಿನ್ ರೂಮಿನ ತಳದ ಗುಂಡಿಯಲ್ಲಿ ನೀರು ಏರಿದೆ. ಕ್ಯಾಬಿನ್‌ನಲ್ಲಿ ಸದ್ದಡಗಿಸಿದರೆ ಸಾಲದು. ಕೆಲವೇ ನಿಮಿಷದಲ್ಲಿ ಕಂಟ್ರೋಲ್ ರೂಮಿಗೆ ಇಳಿದು ಬಟನ್ ಒತ್ತದಿದ್ದರೆ ಎಲ್ಲ ಇಂಜಿನಿಯರರ ಕ್ಯಾಬಿನ್‌ನಲ್ಲೂ ಬಡಿಯುತ್ತದೆ. ಒಬ್ಬರೇ ಇಳಿದವರು ಡೆಡ್‌ಮ್ಯಾನ್ ಅಲಾರ್ಮ್ ಚಾಲೂ ಮಾಡಿ, ಅರ್ಧ ಗಂಟೆ ಮೀರದಂತೆ ಅದನ್ನು ರೀಸೆಟ್ ಮಾಡುತ್ತಲೇ ಇರಬೇಕು. ಮಾಡದಿದ್ದರೆ ಒಳಗಿನವನಿಗೆ ಏನೋ ಆಗಿದೆ ಎಂದೇ ಅರ್ಥ. ಸಮುದ್ರನೀರಿನ ಪಂಪೊಂದರ ಸೀಲ್ ಸೋರುತ್ತಿತ್ತು. ಇನ್ನೊಂದು ಪಂಪಿಗೆ ಬದಲಿಸಿ, ಸೋರಿದ್ದನ್ನು ಟ್ಯಾಂಕಿಗೆ ಎಳೆದು, ಲಾಗ್ ಬರೆದು ಆತ ಮೇಲೆ ಬಂದಾಗ 4.20. ಆಕೆ ದೀಪ ಹಚ್ಚಿ ಕೂತಿದ್ದರು. "ಎಂತಾಯ್ತು?" "ಎಂತ ಇಲ್ಲ." ಆತ ಗೋಡೆಗೆ ಮುಖ ಮಾಡಿ ಮಲಗಿದರು. ಬೆಳಿಗ್ಗೆ 8ಕ್ಕೆ ಮತ್ತೆ ಕೆಳಗೆ.

ಎರಡನೆಯದು ಮೆಸ್. ಇಂಜಿನ್ ರೂಮಿನ ಕೆಲಸದ ಉಡುಪಾದ ಬಾಯ್ಲರ್ ಸೂಟ್‌ನಲ್ಲಿ ಆಫೀಸರ್ಸ್ ಮೆಸ್‌ಗೆ ಹೋಗುವಂತಿಲ್ಲ. ಕೈ ತೊಳೆದು ಸ್ನಾನ ಮಾಡಿ ಬಟ್ಟೆ ಬದಲಿಸಲು 20 ನಿಮಿಷ ಬೇಕು, ಊಟದ ಬಿಡುವು ಒಂದು ಗಂಟೆ. ಹಾಗಾಗಿ ಇಂಜಿನಿಯರರು ಹೆಚ್ಚಾಗಿ ಡ್ಯೂಟಿ ಮೆಸ್‌ನಲ್ಲೇ ಉಂಡು ಮತ್ತೆ ಇಳಿಯುತ್ತಾರೆ. ಈಕೆ ಆಫೀಸರ್ಸ್ ಮೆಸ್‌ನಲ್ಲಿ ಗಂಡನ ಕುರ್ಚಿಯಲ್ಲಿ, ಕ್ಯಾಪ್ಟನ್ ಮತ್ತು ಚೀಫ್ ಇಂಜಿನಿಯರರ ನಡುವೆ ಒಬ್ಬರೇ. 22 ಗಂಡಸರ ನಡುವೆ ಒಬ್ಬ ಹೆಂಗಸು. ಎರಡು ವಾರ ಹೇಗೋ ಹೋದರು, ಆಮೇಲೆ ಕ್ಯಾಬಿನ್‌ನಲ್ಲೇ ಕಪ್ ನೂಡಲ್ಸ್. ಊಟ ಬಡಿಸುವ ಸ್ಟೂವರ್ಡ್ ಅದನ್ನು ಕ್ಯಾಪ್ಟನ್‌ಗೆ ತಿಳಿಸಿದ. ಅದು ಅವನ ಕೆಲಸವೇ. ಕ್ಯಾಪ್ಟನ್ ಕಾಳಜಿಯಿಂದಲೇ, ಆದರೆ ನಾಲ್ಕು ಜನರ ಎದುರು, "ಸೆಕೆಂಡ್, ಮೇಡಂ ಹುಷಾರಿದ್ದಾರೆ ತಾನೇ?" ಎಂದು ಕೇಳಿದರು. ಆ ಸಂಜೆ ಕ್ಯಾಬಿನ್‌ನಲ್ಲಿ ನಡೆದ ಜಗಳವನ್ನು ಪಕ್ಕದ ಕ್ಯಾಬಿನ್‌ನವರೂ ಕೇಳಿದರು. ಆ ಗೋಡೆಗಳೇನು ದಪ್ಪವಲ್ಲ.

ಆತನ ಜೊತೆ ಮೂರು ಸಲ ಮಾತಾಯಿತು, ವಿಡಿಯೋ ನಿಲ್ಲದೆ ಧ್ವನಿಯಲ್ಲೇ. "ಎಂತ ಇಲ್ಲ" ಅಂದದ್ದು ಯಾಕೆ ಎಂದು ಕೇಳಿದಾಗ, ಹೆದರಿಸಬಾರದು ಅಂತ ಎಂದರು. ಆಕೆ ಅದನ್ನು ದೂರ ತಳ್ಳಿದ್ದು ಎಂದುಕೊಂಡಿದ್ದರು. ಇಲ್ಲಿ ಒಂದು ಅಂಕಿಯನ್ನು ಆಕೆಯ ಮುಂದಿಡುವುದು ಉಪಯೋಗಕ್ಕೆ ಬಂತು. ಅಂತಾರಾಷ್ಟ್ರೀಯ ನಿಯಮದಂತೆ ನಾವಿಕನಿಗೆ 24 ಗಂಟೆಯಲ್ಲಿ ಕನಿಷ್ಠ 10, ವಾರದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ. ವಾರಕ್ಕೆ 168 ಗಂಟೆ. 91 ಗಂಟೆ ದುಡಿಸಿದರೂ ಕಾಗದದಲ್ಲಿ ತಪ್ಪಿಲ್ಲ. ತಪಾಸಣೆಯ ವಾರದಲ್ಲಿ, ಬಂದರು ಪ್ರವೇಶದ ದಿನಗಳಲ್ಲಿ ಆ ಅಂಚಿಗೇ ಬಂದು ನಿಲ್ಲುತ್ತಾರೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದುವೆಯ ಮೊದಲು ಇದನ್ನು ಯಾರೂ ಹೇಳಲಿಲ್ಲ" ಎಂದರು.

ನಮ್ಮ ಅಭಿಪ್ರಾಯ ಇಷ್ಟು. ಹೆಂಡತಿ ಹಡಗಿಗೆ ಹೋಗುವುದು ಗಂಡನ ಮನೆಗಲ್ಲ, ಗಂಡನ ಕಚೇರಿಗೆ. ಆ ಕಚೇರಿಯಲ್ಲಿ ಆಕೆಗೆ ಕೆಲಸವಿಲ್ಲ, ಸಂಜೆ ಬಾಗಿಲು ಹಾಕಿ ಹೊರಡಲೂ ಆಗುವುದಿಲ್ಲ. ನಾಲ್ಕು ತಿಂಗಳು ಎಂಬ ಮೊದಲ ಲೆಕ್ಕವೇ ತಪ್ಪಿತ್ತು. ಮೊದಲ ಸಲಕ್ಕೆ ನಾಲ್ಕರಿಂದ ಆರು ವಾರ ಸಾಕು. ಇಳಿಯುವ ಬಂದರು, ದಿನಾಂಕ ಹತ್ತುವ ಮೊದಲೇ ಗೊತ್ತಿರಬೇಕು. ಮುಂಚೆಯೇ ಗೊತ್ತುಮಾಡಿದ ದಿನ ಇಳಿದರೆ ಅದು ಪ್ರವಾಸ. ನಡುವೆ ಇಳಿದರೆ ಊರಿಡೀ "ಬಿಟ್ಟು ಬಂದಳು" ಎನ್ನುತ್ತದೆ.

ಕೆಲಸ ಬಿಡಬಾರದಿತ್ತು ಎಂದು ನೇರವಾಗಿಯೇ ಹೇಳಲಾಯಿತು. ಕಾಲೇಜಿನ ಏಪ್ರಿಲ್-ಮೇ ರಜೆಗೆ ಹೊಂದಿಸಬಹುದು. ಇದಕ್ಕೆ ಇನ್ನೊಂದು ಲಾಭ ಉಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಅರಬ್ಬಿ ಸಮುದ್ರ ಕೆರಳಿರುತ್ತದೆ. ಹೊಸಬರು ಆ ಮೂರು ತಿಂಗಳು ಆ ದಾರಿ ಹಿಡಿಯದಿರುವುದೇ ಒಳ್ಳೆಯದು. ಆಟಿಯಲ್ಲಿ (ಜುಲೈ-ಆಗಸ್ಟ್ ನಡುವಿನ ತುಳು ತಿಂಗಳು) ಮದುಮಗಳನ್ನು ತವರಿಗೆ ಕರೆತರುವ ಕ್ರಮ ಇಲ್ಲಿ ಹೇಗೂ ಇದೆ. ಆಕೆ ನಕ್ಕದ್ದು ಅದೇ ಮೊದಲು.

ಆತನಿಗೆ ಹೇಳಿದ್ದು ಎರಡೇ. ವಾರದಲ್ಲಿ ಎರಡು ರಾತ್ರಿ, ಡ್ಯೂಟಿ ಇಲ್ಲದ ದಿನ, ಬಟ್ಟೆ ಬದಲಿಸಿ ಆಫೀಸರ್ಸ್ ಮೆಸ್‌ನಲ್ಲಿ ಹೆಂಡತಿಯ ಜೊತೆ ಊಟ. ಉಳಿದ ದಿನ ಕ್ಯಾಪ್ಟನ್ ಅನುಮತಿ ಪಡೆದು ಆಕೆಯೇ ಡ್ಯೂಟಿ ಮೆಸ್‌ನಲ್ಲಿ ಜೊತೆಗೆ ಕೂರುವುದು. ಕೇಳಿದರೆ ಯಾವ ಕ್ಯಾಪ್ಟನ್ನೂ ಸಾಧಾರಣವಾಗಿ ಬೇಡ ಅನ್ನುವುದಿಲ್ಲ, ಆದರೆ ಕೇಳಲು ಇಂಜಿನಿಯರರಿಗೆ ಸಂಕೋಚ. ಎರಡನೆಯದು, ಅಲಾರ್ಮ್ ಆದ ಮೇಲೆ "ಎಂತ ಇಲ್ಲ" ಬದಲು ಒಂದು ವಾಕ್ಯ: "ಪಂಪ್ ಸೋರಿತ್ತು, ಬದಲಿಸಿದೆ, ಈಗ ಮಲಗ್ತೇನೆ." ಇದಕ್ಕೆ ಐದು ಸೆಕೆಂಡು ಸಾಕು. ಇಯರ್‌ಪ್ಲಗ್ ಹಾಕಿ ಮಲಗಬಹುದೇ ಎಂದು ಆಕೆ ಕೇಳಿದರು. ಬೇಡ ಎಂದೇ ಹೇಳಲಾಯಿತು. ಏಳು ಗಿಡ್ಡ, ಒಂದು ಉದ್ದ ಸದ್ದಿನ ಜನರಲ್ ಅಲಾರ್ಮ್, ಎಂದರೆ ಎಲ್ಲರಿಗೂ ಕೊಡುವ ಅಪಾಯದ ಸೂಚನೆ, ಆಕೆಗೂ ಕೇಳಬೇಕು. ಬದಲಿಗೆ ಹತ್ತಿದ ದಿನವೇ ಮಸ್ಟರ್ ಸ್ಟೇಷನ್ (ಅಪಾಯದಲ್ಲಿ ಎಲ್ಲರೂ ಸೇರುವ ಜಾಗ), ಲೈಫ್‌ಬೋಟ್, ತನ್ನ ಇಮ್ಮರ್ಶನ್ ಸೂಟ್ (ತಣ್ಣೀರಿನಲ್ಲಿ ಜೀವ ಕಾಯುವ ಉಡುಪು) ಎಲ್ಲಿದೆ ಎಂದು ನಡೆದು ನೋಡಿ, ಸೂಟನ್ನು ಒಮ್ಮೆ ತೊಟ್ಟು ನೋಡಬೇಕು. ತಿಂಗಳ ಡ್ರಿಲ್‌ಗೆ ತಪ್ಪಿಸಿಕೊಳ್ಳಬಾರದು.

ಆಕೆಗೆ ಹಡಗಿನಲ್ಲಿ ಮಾಡಲು ಏನಾದರೂ ಬೇಕು. ಆದರೆ ಗ್ಯಾಲಿಗೆ, ಎಂದರೆ ಹಡಗಿನ ಅಡುಗೆಮನೆಗೆ, ನುಗ್ಗಿ ಕೋರಿ ಗಸಿ ಮಾಡಿ ಎಲ್ಲರ ಮನ ಗೆಲ್ಲುತ್ತೇನೆ ಎಂಬುದು ಹೆಚ್ಚಿನವರು ಮಾಡುವ ತಪ್ಪು. ಗ್ಯಾಲಿ ಚೀಫ್ ಕುಕ್‌ನ ರಾಜ್ಯ. ಅವನೇ ಕರೆದರೆ ಭಾನುವಾರ ಹೋಗಬಹುದು, ಹಿಂದಿನ ದಿನವೇ ಸಾಮಾನು ಕೇಳಿಟ್ಟುಕೊಂಡು. ಈಕೆಗೆ ಹೊಂದಿದ್ದು ಪಿಎಚ್‌ಡಿ ಓದಿನ ಟಿಪ್ಪಣಿ: ಬೆಳಿಗ್ಗೆ 9ರಿಂದ 12, ಇಂಟರ್‌ನೆಟ್ ಬೇಡದಂತೆ ಎಲ್ಲ ಮೊದಲೇ ಡೌನ್‌ಲೋಡ್ ಮಾಡಿಕೊಂಡು. ಸಂಜೆ ಅರ್ಧ ಗಂಟೆ ಬ್ರಿಡ್ಜ್‌ನಲ್ಲಿ (ಹಡಗು ನಡೆಸುವ ಕೋಣೆ), ಆಗ ಅಲ್ಲಿ ಡ್ಯೂಟಿಯಲ್ಲಿರುವವರ ಒಪ್ಪಿಗೆ ಪಡೆದು. ಟ್ಯಾಂಕರಿನ ಡೆಕ್ ಮೇಲೆ ಮೊಬೈಲ್ ಹಿಡಿದು ಅಡ್ಡಾಡುವುದು ಕೂಡದು. ಸರಕು ತುಂಬುವಾಗ, ಇಳಿಸುವಾಗ ಡೆಕ್‌ಗೆ ಹೋಗುವುದೇ ಬೇಡ.

ಕಾಗದಪತ್ರಗಳನ್ನು ಗಂಡನಿಗೆ ಬಿಡದೆ ಆಕೆಯೇ ನೋಡಬೇಕು ಎಂದಾಯಿತು. ಪಾಸ್‌ಪೋರ್ಟ್ ಇಳಿಯುವ ದಿನದಿಂದ ಮುಂದೆ ಆರು ತಿಂಗಳಾದರೂ ಊರ್ಜಿತವಿರಬೇಕು, ಸಂಗಾತಿಯ ಹೆಸರು ಅದರಲ್ಲಿದ್ದರೆ ತೊಡಕು ಕಡಿಮೆ. ಗಂಡನಿಗೆ ಅಮೆರಿಕದ ಸಿ1/ಡಿ ಕ್ರೂ ವೀಸಾ ಇರುತ್ತದೆ. ಅದು ಹೆಂಡತಿಗೆ ನಡೆಯದು, ಆಕೆಗೆ ಸಂದರ್ಶಕರ ಬಿ1/ಬಿ2 ವೀಸಾ ಬೇಕು. ಕಂಪನಿ ಕೊಡುವ ಇಂಡೆಮ್ನಿಟಿ (ಹೊಣೆ ಯಾರದ್ದು ಎಂಬ) ಪತ್ರಕ್ಕೆ ಸಹಿ ಹಾಕುವ ಮೊದಲು ಓದಬೇಕು. ಆಸ್ಪತ್ರೆ ಖರ್ಚು, ನಡುದಾರಿಯಲ್ಲಿ ಇಳಿದರೆ ವಿಮಾನದ ಖರ್ಚು ಯಾರದ್ದು ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ನಾವಿಕನಿಗಿರುವ ರಕ್ಷಣೆಯೆಲ್ಲ ಆಕೆಗೂ ಇದೆ ಎಂದು ಭಾವಿಸಬಾರದು; ಪ್ರತ್ಯೇಕ ಪ್ರಯಾಣ ವಿಮೆ ಮಾಡಿಸಿಕೊಳ್ಳಬೇಕು. ಆಂಕರೇಜ್‌ನಲ್ಲಿ ಹತ್ತುವುದಾದರೆ ಸೀರೆ, ದುಪಟ್ಟಾ, ಚಪ್ಪಲಿ ಬೇಡ: ಪ್ಯಾಂಟ್, ಬಿಗಿ ಶೂ, ಲೈಫ್ ಜಾಕೆಟ್, ಎರಡೂ ಕೈ ಖಾಲಿ. ಬ್ಯಾಗನ್ನು ಹಗ್ಗದಲ್ಲಿ ಮೇಲೆಳೆಯುತ್ತಾರೆ. ಸ್ಯಾನಿಟರಿ ಪ್ಯಾಡ್ ಪೂರ್ತಿ ಅವಧಿಗೆ ಊರಿನಿಂದಲೇ ಒಯ್ಯಬೇಕು, ಟಾಯ್ಲೆಟ್‌ಗೆ ಒಂದನ್ನೂ ಹಾಕಬಾರದು. ಟಾಯ್ಲೆಟ್‌ನ ವ್ಯಾಕ್ಯೂಮ್ ಕೊಳವೆ ಕಟ್ಟಿದರೆ ಇಡೀ ಅಂತಸ್ತಿನದ್ದು ನಿಲ್ಲುತ್ತದೆ, ಬಿಚ್ಚಿ ತೆಗೆಯಬೇಕಾದವನು ಗಂಡನ ಕೈಕೆಳಗಿನ ಫೋರ್ತ್ ಇಂಜಿನಿಯರ್.

ಇನ್ನು ಮಗುವಿನ ವಿಷಯ. ಹಡಗಿಗೆ ಕಳಿಸಿದ್ದೇ ಅದಕ್ಕಾಗಿ ಎಂದು ಮನೆಯಲ್ಲಿ ತಿಳಿದಿದ್ದರು. ಇಬ್ಬರಿಗೂ ಸ್ಪಷ್ಟವಾಗಿ ಹೇಳಲಾಯಿತು: ನೂರು ಜನಕ್ಕಿಂತ ಕಡಿಮೆ ಇರುವ ಸರಕು ಹಡಗಿನಲ್ಲಿ ವೈದ್ಯರನ್ನು ಇಡಬೇಕೆಂಬ ಕಡ್ಡಾಯವಿಲ್ಲ. ಇರುವುದು ತರಬೇತಿ ಪಡೆದ ಡೆಕ್ ಆಫೀಸರ್, ಔಷಧಿ ಪೆಟ್ಟಿಗೆ, ರೇಡಿಯೊದಲ್ಲಿ ಸಿಗುವ ವೈದ್ಯಕೀಯ ಸಲಹೆ. ಸ್ಕ್ಯಾನಿಂಗ್ ಇಲ್ಲ, ಶಸ್ತ್ರಚಿಕಿತ್ಸೆ ಇಲ್ಲ. ಗರ್ಭ ನಾಳದಲ್ಲಿ ನಿಂತು ಒಳಗೆ ರಕ್ತಸ್ರಾವವಾದರೆ ಹತ್ತು ದಿನ ದೂರದ ಬಂದರು ಉಪಯೋಗಕ್ಕೆ ಬಾರದು. ಹಡಗಿನ ವಾಂತಿ ಯಾವುದು, ಬಸಿರ ವಾಂತಿ ಯಾವುದು ಎಂದೂ ತಿಳಿಯದೆ ಹೋಗುತ್ತದೆ. ಆದ್ದರಿಂದ ಹತ್ತುವ ಮುಂಚೆ ಒಂದು ಗರ್ಭ ಪರೀಕ್ಷೆ, ಜೊತೆಗೆ ಒಯ್ಯಲು ಮೂರು ಕಿಟ್. ಮುಟ್ಟು ತಪ್ಪಿ ಒಂದು ವಾರವಾದರೆ ಪರೀಕ್ಷೆ, ಹೌದು ಎಂದಾದರೆ ಮುಂದಿನ ಬಂದರಿನಲ್ಲೇ ಇಳಿಯುವುದು. ಹಡಗಿನ ದಾರಿಗೆ ಹಳದಿ ಜ್ವರದ ಲಸಿಕೆ ಬೇಕಾದರೆ, ಕೊಟ್ಟು 10 ದಿನದ ಮೇಲೆ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಅದು ಜೀವಂತ ಲಸಿಕೆ, ನಾಲ್ಕು ವಾರ ಗರ್ಭ ಧರಿಸದಿರುವುದು ಲೇಸು. ಗರ್ಭನಿರೋಧಕ ಮಾತ್ರೆ ನುಂಗಿ ಎರಡು-ಮೂರು ಗಂಟೆಯೊಳಗೆ ವಾಂತಿಯಾದರೆ ಅದನ್ನು ನುಂಗಿಲ್ಲ ಎಂದೇ ಎಣಿಸಬೇಕು. ಮಗು ಬೇಕೆಂದರೆ ಆತ ರಜೆಯಲ್ಲಿರುವಾಗ ಊರಲ್ಲೇ ಪ್ರಯತ್ನಿಸುವುದು, ಅದಕ್ಕೂ ಮುಂಚಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಸ್ತ್ರೀರೋಗ ತಜ್ಞರನ್ನು ಕಂಡು.

ಇನ್ನೊಂದು ಮಾತನ್ನು ಆಕೆಗೆ ಪ್ರತ್ಯೇಕವಾಗಿ ಹೇಳಲಾಯಿತು, ಈ ಪ್ರಕರಣಕ್ಕೆ ಬೇಕಿರದಿದ್ದರೂ. ಹಡಗಿನಲ್ಲಿ ಗಂಡ ಕೈ ಮಾಡಿದರೆ, ಬೇರೆ ಯಾರಾದರೂ ಕೆಣಕಿದರೆ, ಮೊದಲು ಕ್ಯಾಪ್ಟನ್‌ಗೆ. ಅಲ್ಲಿ ಆಗದಿದ್ದರೆ ಕಂಪನಿಯ ಡಿಪಿಎಗೆ, ಎಂದರೆ ದಡದಲ್ಲಿರುವ ಗೊತ್ತುಪಡಿಸಿದ ಅಧಿಕಾರಿಗೆ. ಆ ಫೋನ್ ನಂಬರನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರುತ್ತಾರೆ, ಹತ್ತಿದ ದಿನ ಅದರ ಫೋಟೊ ತೆಗೆದಿಟ್ಟುಕೊಳ್ಳಬೇಕು.

ಒಟ್ಟು ಏಳು ಭೇಟಿ. ನಾಲ್ಕು ವಾರದ ನಂತರ ಪಿಎಚ್‌ಕ್ಯೂ-9 ಆರಕ್ಕೆ ಇಳಿಯಿತು. ಆತ ಬಂದ ಮೇಲೆ ಇಬ್ಬರೂ ಕೂತು ಒಂದು ಪುಟದ ಒಪ್ಪಂದ ಬರೆದುಕೊಂಡರು. ಅದರಲ್ಲಿ ಆಕೆಯೇ ಸೇರಿಸಿದ ಸಾಲು: "ಜಗಳ ಬಂದರೆ ಕ್ಯಾಬಿನ್‌ನಲ್ಲಲ್ಲ, ಬ್ರಿಡ್ಜ್ ವಿಂಗ್‌ನಲ್ಲೂ ಅಲ್ಲ, ಬರೆದು ಕೊಡುವುದು." ಆಕೆ ಬೇರೆ ಕಾಲೇಜಿನಲ್ಲಿ ಕೆಲಸ ಹಿಡಿದರು. ಮುಂದಿನ ವರ್ಷದ ರಜೆಯಲ್ಲಿ 36 ದಿನಕ್ಕೆ ಹೋಗಿ, ಹೇಳಿದ ದಿನವೇ ಇಳಿದು ಬಂದರು. ಎರಡು ಸಲ ಜಗಳವಾಯಿತಂತೆ. ಅತ್ತೆಗೆ ಮಗುವಿನ ವಿಷಯ ಯಾರು ಹೇಳುವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮಗನೇ ಹೇಳಬೇಕು ಎಂಬುದು ನಮ್ಮ ಸಲಹೆ. ಮುಂದಿನ ಭೇಟಿ ಆಟಿ ಕಳೆದ ಮೇಲೆ. ಅತ್ತೆಯೂ ಬರುತ್ತಾರಂತೆ.