ಓದುಗರ ಪ್ರಶ್ನೆ: ರಹದಾರಿಯಲ್ಲಿ ಬರೆದಿರುವುದೇನು?

ಪ್ರಶ್ನೆ (ಶಿರಸಿಯ ಓದುಗರೊಬ್ಬರು): ಬೆಂಗಳೂರಿನಿಂದ ಊರಿಗೆ ಬರಲು ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಸೀಟು ಕಾದಿರಿಸಿದ್ದೆ. ತುಮಕೂರು ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಮೂರು ಗಂಟೆ ಕಾಯಿಸಿದ ನಂತರ ಸಿಬ್ಬಂದಿ ‘ಸಿಕ್ಕ ಬಸ್ಸು ಹತ್ತಿಕೊಳ್ಳಿ’ ಎಂದರು. ಹಣ ಕೇಳಿದರೆ ಬಸ್ಸಿನವರು ಆ್ಯಪ್‌ನವರನ್ನು ತೋರಿಸುತ್ತಾರೆ, ಆ್ಯಪ್‌ನವರು ಬಸ್ಸಿನವರನ್ನು ತೋರಿಸುತ್ತಾರೆ. ಸರ್ಕಾರಿ ಬಸ್ಸಿಗಿರುವ ನಿಯಮ ಇವರಿಗೆ ಇಲ್ಲವೇ?

ಉತ್ತರ: ಕಾನೂನು ಮೊದಲು ನೋಡುವುದು ಬಸ್ಸು ಸರ್ಕಾರದ್ದೋ ಖಾಸಗಿಯವರದ್ದೋ ಎಂಬುದನ್ನಲ್ಲ, ಅದಕ್ಕೆ ಎಂಥ ರಹದಾರಿ, ಅಂದರೆ ಪರ್ಮಿಟ್, ಇದೆ ಎಂಬುದನ್ನು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ ಎರಡು ಮುಖ್ಯ ಬಗೆಗಳಿವೆ. ನಿಗದಿತ ಮಾರ್ಗದಲ್ಲಿ ಓಡುತ್ತ, ನಿಲ್ದಾಣದಿಂದ ನಿಲ್ದಾಣಕ್ಕೆ ಪ್ರತಿ ಪ್ರಯಾಣಿಕರಿಂದ ಬೇರೆಬೇರೆಯಾಗಿ ಟಿಕೆಟ್ ಹಣ ಪಡೆಯುವುದು ಮಜಲು ವಾಹನ. ನಮ್ಮ ಸಾರಿಗೆ ನಿಗಮಗಳ ಬಸ್ಸುಗಳೂ ಉಡುಪಿ, ಮಂಗಳೂರಿನ ಖಾಸಗಿ ಲೈನ್ ಬಸ್ಸುಗಳೂ ಈ ಗುಂಪಿನವು. ಇಡೀ ವಾಹನವನ್ನು ಮೊದಲೇ ಮಾಡಿಕೊಂಡ ಒಪ್ಪಂದದಂತೆ ಓಡಿಸಿ, ಆ ಒಪ್ಪಂದಕ್ಕೆ ಸೇರದವರನ್ನು ದಾರಿಯಲ್ಲಿ ಹತ್ತಿಸದೆ ಇಳಿಸದೆ ಹೋಗುವುದು ಒಪ್ಪಂದ ವಾಹನ. ರಾತ್ರಿ ಓಡುವ ಸ್ಲೀಪರ್ ಬಸ್ಸುಗಳಲ್ಲಿ ಅನೇಕವು ಈ ಎರಡನೆಯ ಗುಂಪಿನ ಪ್ರವಾಸಿ ರಹದಾರಿಯ ಮೇಲೆ ನಡೆಯುತ್ತವೆ. ಅಖಿಲ ಭಾರತ ಪ್ರವಾಸಿ ವಾಹನಗಳ 2023ರ ನಿಯಮಗಳ ಪ್ರಕಾರ, ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯುವರು ಎಂಬ ವಿವರವಿರುವ ಪ್ರಯಾಣಿಕರ ಪಟ್ಟಿಯನ್ನು ಇಂಥ ಬಸ್ಸು ಸದಾ ಇಟ್ಟುಕೊಂಡಿರಬೇಕು. ದಾರಿಯಲ್ಲಿ ಕೈ ಅಡ್ಡ ಹಿಡಿದವರನ್ನೆಲ್ಲ ಹತ್ತಿಸಿಕೊಂಡು ನಗದು ಪಡೆಯುವ ಬಸ್ಸು ತನ್ನ ರಹದಾರಿಯ ಷರತ್ತನ್ನೇ ಮುರಿಯುತ್ತಿರುತ್ತದೆ.

ನಿಮ್ಮ ಹಣದ ವಿಷಯಕ್ಕೆ ಬಂದರೆ, ರಹದಾರಿ ಯಾವುದೇ ಇರಲಿ, ನೀವು ಹಣ ಕೊಟ್ಟು ಪಡೆಯಬೇಕಿದ್ದ ಸೇವೆ ಅರ್ಧದಲ್ಲೇ ನಿಂತಿದೆ. ಇದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವ ಸೇವಾ ನ್ಯೂನತೆ. ಬಸ್ಸಿನ ಮಾಲೀಕರನ್ನೂ ಆ್ಯಪ್ ಸಂಸ್ಥೆಯನ್ನೂ ಒಟ್ಟಿಗೇ ಎದುರುದಾರರನ್ನಾಗಿ ಮಾಡಿ ದೂರು ಕೊಡಿ. ಆಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವ ಆಟ ಗ್ರಾಹಕ ಆಯೋಗದ ಮುಂದೆಯೇ ನಡೆಯಲಿ. ದೂರನ್ನು ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಅದಕ್ಕೂ ಮುನ್ನ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಿ. ಟಿಕೆಟ್ ಸಂದೇಶ, ನಿಂತ ಬಸ್ಸಿನ ಫೋಟೊ, ಮುಂದಿನ ಪ್ರಯಾಣಕ್ಕೆ ಕೊಟ್ಟ ಹಣದ ಚೀಟಿ ಜೋಪಾನವಾಗಿರಲಿ. ರಹದಾರಿ ಪಡೆದವರ ಹೆಸರು ಮತ್ತು ವಿಳಾಸವನ್ನು ವಾಹನದ ಎರಡೂ ಬದಿಯಲ್ಲಿ, ಕಿಟಕಿಗಳ ಕೆಳಗೆ, ಎದ್ದುಕಾಣುವ ಬಣ್ಣದ ದಪ್ಪ ಅಕ್ಷರಗಳಲ್ಲಿ ಬರೆಸಿರಬೇಕೆಂದು ಮೋಟಾರು ವಾಹನ ಕಾಯ್ದೆಯ 84ನೇ ಕಲಮು ಹೇಳುತ್ತದೆ. ಈಗಿನ ಬಸ್ಸುಗಳ ಮೈತುಂಬ ಬ್ರ್ಯಾಂಡಿನ ಚಿತ್ತಾರವಿರುತ್ತದೆ. ಈ ಎರಡು ಸಾಲನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಬೇಕು. ಹುಡುಕಿ ಫೋಟೊ ತೆಗೆದುಕೊಳ್ಳಿ, ದೂರಿಗೆ ಬೇಕಾಗುವ ವಿಳಾಸ ಅದೇ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಸುಟ್ಟುಹೋಯಿತು. ತುರ್ತು ಬಾಗಿಲು, ಗಾಜು ಒಡೆಯುವ ಸುತ್ತಿಗೆ, ಬೆಂಕಿ ಆರಿಸುವ ಉಪಕರಣಗಳು ಬಳಸುವ ಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವುದು ಬಸ್ಸು ನಡೆಸುವವರ ಹೊಣೆ. ತುರ್ತು ಬಾಗಿಲಿಗೆ ಅಡ್ಡಲಾಗಿ ಪಾರ್ಸೆಲ್ ಪೇರಿಸಿದ್ದು ಕಂಡರೆ, ಹೊರಡುವ ಮೊದಲೇ ತೆಗೆಸಿ ಎಂದು ಹೇಳಲು ಸಂಕೋಚಪಡಬೇಡಿ.

ಪ್ರಶ್ನೆ (ಬೆಂಗಳೂರಿನ ಆಟೊ ಚಾಲಕರೊಬ್ಬರು): ಹತ್ತಿರದ ಬಾಡಿಗೆಗೆ ಹೋದರೆ ವಾಪಸು ಖಾಲಿ ಬರಬೇಕಾಗುತ್ತದೆ. ನನ್ನ ಗಾಡಿ, ಒಲ್ಲೆ ಎನ್ನುವ ಹಕ್ಕು ನನಗಿಲ್ಲವೇ?

ಉತ್ತರ: ಗಾಡಿ ನಿಮ್ಮದು, ರಹದಾರಿ ಮಾತ್ರ ಸಾರ್ವಜನಿಕರ ಸೇವೆಗೆಂದು ಕೊಟ್ಟದ್ದು. ಬಾಡಿಗೆಗೆ ನಿಂತಿರುವಾಗ ನಿಯಮಕ್ಕೆ ವಿರುದ್ಧವಾಗಿ ಬರಲು ನಿರಾಕರಿಸುವುದು ಮೋಟಾರು ವಾಹನ ಕಾಯ್ದೆಯ 178ನೇ ಕಲಮಿನಂತೆ ಅಪರಾಧ. ಅದರ ದಂಡವನ್ನು ಓದಿದರೆ ನಗು ಬರಬಹುದು: ಬೇರೆ ವಾಹನಗಳಿಗೆ 500 ರೂಪಾಯಿಯವರೆಗೆ ಇದ್ದರೆ, ಮೂರು ಚಕ್ರದ ವಾಹನಕ್ಕೆ ಹೆಚ್ಚೆಂದರೆ 50 ರೂಪಾಯಿ. ಆದರೆ ದಂಡ ಸಣ್ಣದೆಂದು ಉಪೇಕ್ಷಿಸಬೇಡಿ. ರಹದಾರಿಯ ಷರತ್ತು ಮುರಿದವರ ರಹದಾರಿಯನ್ನು 86ನೇ ಕಲಮಿನಂತೆ ಅಮಾನತಿನಲ್ಲಿಡುವ ಅಥವಾ ರದ್ದು ಮಾಡುವ ಅಧಿಕಾರ ಅದನ್ನು ಕೊಟ್ಟ ಸಾರಿಗೆ ಪ್ರಾಧಿಕಾರಕ್ಕೆ ಇದೆ, ಹೊಟ್ಟೆಪಾಡಿಗೆ ಪೆಟ್ಟು ಬೀಳುವುದು ಅಲ್ಲಿ.

ದರದ ಬಗ್ಗೆಯೂ ಇದೇ ಮಾತು. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅನಂತರ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ನಿಗದಿಯಾಗಿದೆ. ‘ಒಂದೂವರೆ’ ಕೇಳಬಹುದಾದದ್ದು ರಾತ್ರಿ 10ರಿಂದ ಬೆಳಗಿನ 5ರವರೆಗೆ ಮಾತ್ರ; ಮಳೆ ಹನಿಯುತ್ತಿದ್ದಂತೆ ಮೀಟರಿಗೆ ರಾತ್ರಿಯಾಗುವುದಿಲ್ಲ. ಖಾಲಿ ವಾಪಸು ಬರುವ ನಷ್ಟದ ನಿಮ್ಮ ವಾದದಲ್ಲಿ ನ್ಯಾಯವಿದೆ ಎಂದು ನನಗೂ ಅನಿಸುತ್ತದೆ, ಆದರೆ ಅದನ್ನು ಹೇಳಬೇಕಾದ ಜಾಗ ದರ ಪರಿಷ್ಕರಣೆಯ ಸಭೆ. ಮನೆಗೆ ಹೋಗುವ ಆತುರದಲ್ಲಿರುವ ಪ್ರಯಾಣಿಕರ ಎದುರಲ್ಲ.

ಪ್ರಶ್ನೆ (ದಾವಣಗೆರೆಯ ಯುವ ಓದುಗರು): ಬ್ಯಾಂಕ್ ಸಾಲದಲ್ಲಿ 17 ಸೀಟಿನ ಟಿಟಿ (ಟೆಂಪೊ ಟ್ರಾವೆಲರ್) ಕೊಳ್ಳುತ್ತಿದ್ದೇನೆ. ಕಾಗದಪತ್ರಗಳಲ್ಲಿ ಯಾವುದರ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು?

ಉತ್ತರ: ನೋಂದಣಿ, ತೆರಿಗೆ, ಹೊಗೆ ತಪಾಸಣೆಯ ಪತ್ರ ಇವು ನಿಮಗೆ ಗೊತ್ತಿರುವಂಥವೇ. ಅರ್ಹತಾ ಪತ್ರ, ಅಂದರೆ ಎಫ್‌ಸಿ, ಹೊಸ ಗಾಡಿಗೆ ಎರಡು ವರ್ಷ ನಡೆಯುತ್ತದೆ. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಸ್ಥಳ ಸೂಚಿಸುವ ಸಾಧನ ಮತ್ತು ತುರ್ತು ಗುಂಡಿ ಹಾಕಿಸಿಕೊಂಡರೆ ಸಾಲದು, ಅವು ಕೆಲಸ ಮಾಡುತ್ತಿರಬೇಕು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ರಹದಾರಿಯ ಬಗ್ಗೆ. ಚಾಲಕರನ್ನು ಬಿಟ್ಟು 12 ಜನರವರೆಗಿನ ಮ್ಯಾಕ್ಸಿಕ್ಯಾಬ್ ತಲೆಗಿಷ್ಟು ಎಂದು ಬಾಡಿಗೆ ಪಡೆದರೂ ಕಾಯ್ದೆಯ ವ್ಯಾಖ್ಯೆಯಲ್ಲಿ ಒಪ್ಪಂದ ವಾಹನವೇ. 17 ಸೀಟಿನ ಗಾಡಿಗೆ ಈ ವಿನಾಯಿತಿ ಇಲ್ಲ; ತಲೆಗಿಷ್ಟು ಎಂದು ಪಡೆದರೆ ಅದು ಮಜಲು ವಾಹನವಾಗುತ್ತದೆ, ಅದಕ್ಕೆ ಬೇರೆಯೇ ರಹದಾರಿ ಬೇಕು. ಪಕ್ಕದ ಮನೆಯವರ 12 ಸೀಟಿನ ಗಾಡಿ ನೋಡಿ ನೀವೂ ಬಸ್ ಸ್ಟ್ಯಾಂಡಿನ ಎದುರು ಸೀಟು ಕೂಗಿ ತುಂಬಿಸಲು ಹೊರಟರೆ ತೊಂದರೆಗೆ ಸಿಲುಕುತ್ತೀರಿ. ರಹದಾರಿಯಿಲ್ಲದೆ ಓಡಿಸಿದ್ದಕ್ಕೆ ಮೊದಲ ಬಾರಿಗೇ 10,000 ರೂಪಾಯಿ ದಂಡವಿದೆ, ಜೈಲೂ ಆಗಬಹುದು. ಅದಕ್ಕಿಂತ ಭಾರವಾದದ್ದು ವಿಮೆಯ ವಿಷಯ: ರಹದಾರಿಯೇ ಇಲ್ಲದಿರುವುದು ಪಾಲಿಸಿಯ ಮೂಲಭೂತ ಉಲ್ಲಂಘನೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಕರಣದಲ್ಲಿ ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು, ಬಳಿಕ ಮಾಲೀಕರಿಂದ ವಸೂಲು ಮಾಡಿಕೊಳ್ಳಬೇಕೆಂದು ಆಯಿತು. ಪ್ರೀಮಿಯಂ ತಪ್ಪದೆ ಕಟ್ಟಿಯೂ ಸಾಲದ ಗಾಡಿಯ ಮಾಲೀಕರು ಲಕ್ಷಗಟ್ಟಲೆ ಪರಿಹಾರವನ್ನು ಕೈಯಿಂದ ತೆರಬೇಕಾಗುವುದು ಹೀಗೆ.

ಮದುವೆ ದಿಬ್ಬಣದವರು ‘ಇನ್ನಿಬ್ಬರು ಅಡ್ಜಸ್ಟ್ ಮಾಡಿ’ ಎನ್ನುತ್ತಾರೆ. ಹೆಚ್ಚುವರಿ ತಲೆಯೊಂದಕ್ಕೆ 200 ರೂಪಾಯಿ ದಂಡ, ಜೊತೆಗೆ ಅವರನ್ನು ಇಳಿಸಿ ಬೇರೆ ವಾಹನದ ಏರ್ಪಾಡು ಮಾಡುವವರೆಗೆ ನಿಮ್ಮ ಗಾಡಿ ಮುಂದೆ ಹೋಗುವಂತಿಲ್ಲ.

ಪ್ರಶ್ನೆ (ಕುಂದಾಪುರದ ಓದುಗರು): ನಮ್ಮಲ್ಲಿ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಶಕ್ತಿ ಯೋಜನೆಯ ಉಚಿತ ಪ್ರಯಾಣಕ್ಕೆ ಅವರೂ ಬದ್ಧರೇ?

ಉತ್ತರ: ಇಲ್ಲ. 2023ರ ಜೂನ್ 11ರಂದು ಆರಂಭವಾದ ಆ ಯೋಜನೆ ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಬಸ್ಸುಗಳಿಗೆ ಸೀಮಿತ. ಖಾಸಗಿ ಬಸ್ಸಿನಲ್ಲಿ ಮಹಿಳೆಯರೂ ಟಿಕೆಟ್ ಪಡೆಯಬೇಕು, ನಿರ್ವಾಹಕರು ಟಿಕೆಟ್ ಕೊಡಲೇಬೇಕು. ಹಣ ಪಡೆದು ಟಿಕೆಟ್ ಹರಿಯದೆ ಮುಂದೆ ಸರಿಯುವ ನಿರ್ವಾಹಕರಿಗೂ 178ನೇ ಕಲಮಿನಲ್ಲಿ 500 ರೂಪಾಯಿಯವರೆಗೆ ದಂಡವಿದೆ.