5 ಸಾವಿರ ಜಾಸ್ತಿ ಕೊಡ್ತಾರೆ, ಆದ್ರೆ ಲೋಡ್ ಇಳಿಸೋದೂ ನಾನೇ. ಈ ಡ್ರೈವರ್ ಕೆಲಸ ಹಿಡೀಬಹುದಾ?
ನಿಮ್ಮ ಮುಂದೆ ಎರಡು ಕೆಲಸ ಇದೆ ಅಂತ ಬರೆದಿದ್ದೀರಿ: 17 ಸಾವಿರಕ್ಕೆ ಬರೀ ಡ್ರೈವಿಂಗ್, 22 ಸಾವಿರಕ್ಕೆ ಸಿಮೆಂಟ್ ಇಳಿಸೋದೂ ಸೇರಿ. ನನಗೂ ಹೆಚ್ಚುಕಮ್ಮಿ ಇವೇ ಎರಡು ಕೆಲಸ ಒಂದೇ ವಾರದಲ್ಲಿ ಸಿಕ್ಕಿದ್ವು. ಆಗ ನನಗೆ 27 ವರ್ಷ, ಊರಲ್ಲಿ ರಾಗಿ ಮೂಟೆ ಹೊತ್ತ ಮೈ. 22 ಹಿಡಿದೆ.

ತುಮಕೂರಿನ ಕ್ಯಾತ್ಸಂದ್ರದ ಹತ್ರ ಗೋಡೌನು. ಬೊಲೆರೊ ಪಿಕಪ್ಪು, ಟ್ರಿಪ್ಪಿಗೆ 50 ಕೆಜಿಯ 30 ಚೀಲ. ಸೇರೋವಾಗ ಮಾಲೀಕರು ಕೇಳಿದ್ದು ಇಷ್ಟೇ: "ಇಳಿಸ್ಕೊಟ್ಟು ಬರ್ತೀಯೇನಪ್ಪಾ?" ನಾನು "ಆಗುತ್ತೆ ಅಣ್ಣ" ಅಂದುಬಿಟ್ಟೆ. ಎಷ್ಟು ಚೀಲ ಅಂತ ಕೇಳಲಿಲ್ಲ.

ಕೆಟ್ಟಿದ್ದು ಅಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೀನಿ. ಆ 5 ಸಾವಿರವನ್ನ 26 ದಿನಕ್ಕೆ ಹಂಚಿದ್ರೆ ದಿನಕ್ಕೆ 192 ರೂಪಾಯಿ. ಮೊದಲ ತಿಂಗಳು ದಿನಕ್ಕೆ ಒಂದೇ ಟ್ರಿಪ್ಪು, ಚೀಲಕ್ಕೆ 6 ರೂಪಾಯಿ ಮೇಲೆ ಬಿತ್ತು. ನಮ್ಮ ಗೋಡೌನಿನ ಹಮಾಲಿಗಳು ತಗೋತಿದ್ದಿದ್ದು 5. ಅವರಿಗಿಂತ ನಾನೇ ಜಾಣ ಅಂದ್ಕೊಂಡೆ. ನಾಲ್ಕನೇ ತಿಂಗಳಿಗೆ ಗುಬ್ಬಿ ಕಡೆಯ ಸೈಟುಗಳೂ ಸೇರಿ ದಿನಕ್ಕೆ ಮೂರು ಟ್ರಿಪ್ಪು, 90 ಚೀಲ, ಅಂದ್ರೆ ನಾಲ್ಕೂವರೆ ಟನ್ನು. ಸಂಬಳ ಅದೇ 22. ಚೀಲಕ್ಕೆ 2 ರೂಪಾಯಿ ಚಿಲ್ಲರೆ. ಹಮಾಲಿ ರೇಟಲ್ಲಿ ಆಗಿದ್ರೆ ಬರೀ ಇಳಿಸಿದ್ದಕ್ಕೇ ತಿಂಗಳಿಗೆ 11,700 ಬರ್ಬೇಕಿತ್ತು. ಹಮಾಲಿಗಳು ಮಹಡಿ ಹತ್ತಿಸಿದ್ರೆ ಬೇರೆ ಕಾಸು ಕೇಳೋರು, ನಾನು ಕೇಳಿದ್ರೆ ಮಾಲೀಕರು "ಮಾತಾಡಿ ಆಗಿದೆಯಲ್ಲ" ಅನ್ನೋರು. ಹೌದು, ಆಗಿತ್ತು. ಆಡಿದ್ದು ನಾನೇ.

ಜಿಮ್ಮಿಗೆ ಹೋಗ್ತೀನಿ, ಭಾರ ಎತ್ತಬಲ್ಲೆ ಅಂತಲೂ ಬರೆದಿದ್ದೀರಿ. ಅದು ಲೆಕ್ಕಕ್ಕೇ ಬರಲ್ಲ. ಜಿಮ್ಮಲ್ಲಿ ಮೈ ಬಿಸಿ ಮಾಡ್ಕೊಂಡು ಎತ್ತುತೀರಿ. ಇಲ್ಲಿ ಒಂದು ಗಂಟೆ ಸೀಟಲ್ಲಿ ಕೂತು ಸೊಂಟ ಮರಗಟ್ಟಿರುತ್ತೆ, ಇಳಿದ ತಕ್ಷಣ ಚೀಲಕ್ಕೆ ಬೆನ್ನು ಕೊಡ್ಬೇಕು. ಮೇಲೊಬ್ಬ ನಿಂತು ಹೆಗಲಿಗೆ ಜಾರಿಸಿದ್ರೆ ಪರವಾಗಿಲ್ಲ. ಒಬ್ಬನೇ ಆದ್ರೆ ಗಾಡಿ ಹತ್ತಿ ಅಂಚಿಗೆ ಎಳೆದು, ಕೆಳಗೆ ಧುಮುಕಿ, ಸೊಂಟ ತಿರುಚಿ ಹೊರಬೇಕು. ಆ ತಿರುಚೋದೇ ಮೂಲ. ಸೋರಿದ ಸಿಮೆಂಟು ಬೆವರಿಗೆ ಕಲಸಿ ಕತ್ತು ಸುಡೋದು ಇನ್ನೊಂದು ಕಥೆ. ಟವೆಲ್ಲು ಸಾಲಲ್ಲ, ಗೋಣಿ ಹಾಕ್ಕೋಬೇಕು.

ಒಂಬತ್ತನೇ ತಿಂಗಳು ಗುಬ್ಬಿ ರಸ್ತೆಯಲ್ಲಿ ಕ್ಲಚ್ ಒತ್ತಿದೀನಾ ಇಲ್ವಾ ಅಂತ ಎಡಗಾಲಿಗೆ ಗೊತ್ತಾಗಲಿಲ್ಲ. ಗಾಡಿ ಪಕ್ಕಕ್ಕೆ ಹಾಕಿ ಕೂತೆ. ಸೊಂಟದ ಡಿಸ್ಕ್ ನರ ಒತ್ತಿತ್ತು. ಎರಡು ತಿಂಗಳು ಮನೇಲಿ, ಸಂಬಳ ಇಲ್ಲ, ಸ್ಕ್ಯಾನಿಂಗು ಔಷಧಿ ಎಲ್ಲ ನನ್ನದೇ. ಮೇಲೆ ಸಿಕ್ಕ 5 ಸಾವಿರಗಳೆಲ್ಲ ಅಲ್ಲಿಗೇ ಹೋದ್ವು.

17 ಸಾವಿರದ್ದು ಹಿಡೀರಿ. ಮನೆ ಕಷ್ಟಕ್ಕೆ 22 ಬೇಕೇ ಬೇಕು ಅಂದ್ರೆ, ಡ್ರೈವಿಂಗಿಗೆ ಸಂಬಳ ಬೇರೆ, ಇಳಿಸೋದಕ್ಕೆ ಚೀಲದ ಲೆಕ್ಕ ಬೇರೆ, ಜೊತೆಗೊಬ್ಬ ಹುಡುಗ ಅಂತ ಮೊದಲೇ ಮಾತಾಡಿ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ 1961ರಿಂದ 2025ರವರೆಗೂ ಇತ್ತು, ದಿನಕ್ಕೆ 8 ಗಂಟೆ ಕೆಲಸ ಅನ್ನುತ್ತಿತ್ತು. ಆದ್ರೆ ಅದು ಐವರಾದ್ರೂ ಕೆಲಸಗಾರರಿರೋ ಕಡೆಗೆ ಮಾತ್ರ ಇತ್ತು. ನಮ್ಮಲ್ಲಿ ಇದ್ದಿದ್ದು ಮೂರು ಗಾಡಿ, ಮೂವರು ಡ್ರೈವರು.

ಮತ್ತೆ, ಹಿಂದಿನ ಡ್ರೈವರ್ ಯಾಕೆ ಬಿಟ್ಟ ಅಂತ ಮಾಲೀಕರನ್ನಲ್ಲ, ಗೋಡೌನ್ ಎದುರಿನ ಟೀ ಅಂಗಡಿಯವರನ್ನ ಕೇಳಿ. ನಾನು ಕೇಳಿದ್ದು ಕೆಲಸ ಬಿಟ್ಟ ದಿನ. "ಅವನಿಗೂ ಸೊಂಟನೇ" ಅಂದ್ರು.