150 ದೊಡ್ಡದೋ, 89 ದೊಡ್ಡದೋ? ಹೆಡ್ ಕೊಳ್ಳುವ ಮುಂಚೆ ಒಂದು ಲೆಕ್ಕ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಿನ ರೇಸಿಗೆ) ಅಂತಲೇ ಒಂದು ಮಾರುತಿ ಜಿಪ್ಸಿ ಇಟ್ಟುಕೊಂಡಿದ್ದೇನೆ. 1.3 ಲೀಟರ್, 16 ವಾಲ್ವ್, ಎಂಪಿಎಫ್‌ಐ ಗಾಡಿ. ಪೋರ್ಟಿಂಗ್ ಮಾಡಿದ, ಅಂದರೆ ಗಾಳಿಯ ದಾರಿಗಳನ್ನು (ಪೋರ್ಟ್) ಕೊರೆದು ಉಜ್ಜಿದ ಎರಡು ಸಿಲಿಂಡರ್ ಹೆಡ್ ಮಾರಾಟಕ್ಕೆ ಸಿಕ್ಕಿವೆ. ಎರಡಕ್ಕೂ ಫ್ಲೋ ಬೆಂಚ್ ಶೀಟ್ ಕೊಟ್ಟಿದ್ದಾರೆ. ಮೊದಲನೆಯದರಲ್ಲಿ ಇನ್‌ಟೇಕ್ (ಗಾಳಿ ಒಳಬರುವ) ಕಡೆ 4 ಮಿ.ಮೀ. ಲಿಫ್ಟಿಗೆ (ವಾಲ್ವ್ ಏಳುವ ಎತ್ತರಕ್ಕೆ) 70 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ), 6ಕ್ಕೆ 104, 8ಕ್ಕೆ 130, 10ಕ್ಕೆ 150 ಎಂದಿದೆ. ಪಕ್ಕದಲ್ಲಿ '28 ಇಂಚು' ಎಂದು ಬರೆದಿದೆ. ಎರಡನೆಯದರಲ್ಲಿ ಅದೇ ಲಿಫ್ಟುಗಳಿಗೆ 48, 69, 83, 89. ಅಲ್ಲಿ '10 ಇಂಚು' ಎಂದಿದೆ. ವಾಲ್ವ್ ಎತ್ತುವ ಕ್ಯಾಮ್ ಬದಲಾಯಿಸಿಲ್ಲ, ಕಂಪನಿಯದ್ದೇ. ನಮ್ಮ ಮೆಕ್ಯಾನಿಕ್ ಡಯಲ್ ಗೇಜ್ ಇಟ್ಟು ನೋಡಿ, ವಾಲ್ವ್ 8 ಮಿ.ಮೀ. ದಾಟಿ ಏಳಲ್ಲ ಅಂದರು. 150 ಇರುವುದನ್ನೇ ತೆಗೆದುಕೊಳ್ಳಲಾ? 15 ಎಚ್‌ಪಿ ಜಾಸ್ತಿ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ನಿಜವಾ?

ಉತ್ತರ: ಶೀಟ್ ಪೂರ್ತಿ ಬರೆದು ಕಳಿಸಿದ್ದಕ್ಕೆ ಮೊದಲು ಥ್ಯಾಂಕ್ಸ್. ಜಾಸ್ತಿ ಜನ ಕೊನೆಯ ನಂಬರ್ ಒಂದನ್ನೇ ಹೇಳಿ 'ಯಾವುದು ಒಳ್ಳೇದು' ಅಂತಾರೆ. ನಿಮ್ಮ ಮೆಕ್ಯಾನಿಕ್ ಡಯಲ್ ಗೇಜ್ ಇಟ್ಟು ನೋಡಿದ್ದಂತೂ ಇನ್ನೂ ಒಳ್ಳೆಯದಾಯಿತು. ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ಆ ಇಂಚಿನ ವಿಷಯ. ಫ್ಲೋ ಬೆಂಚ್ ಅಂದರೆ ಹೆಡ್ಡನ್ನು ಕೂರಿಸಿ, ವಾಲ್ವನ್ನು ಇಷ್ಟಿಷ್ಟು ತೆರೆದು, ಎಷ್ಟು ಗಾಳಿ ಹಾಯುತ್ತದೆ ಎಂದು ಅಳೆಯುವ ಯಂತ್ರ. ಗಾಳಿಯನ್ನು ಎಷ್ಟು ಜೋರಾಗಿ ಎಳೆಯುತ್ತಿದ್ದೇವೆ ಅನ್ನುವುದನ್ನು ನೀರಿನ ಕಂಬದ ಎತ್ತರದಲ್ಲಿ ಹೇಳುತ್ತಾರೆ. 28 ಇಂಚು ಅಂದರೆ ಜೋರು ಎಳೆತ, 10 ಇಂಚು ಅಂದರೆ ಮೆಲ್ಲಗಿನ ಎಳೆತ. ಅದೇ ಹೆಡ್ಡನ್ನು ಎರಡರಲ್ಲೂ ಅಳೆದರೆ ಬೇರೆ ಬೇರೆ ನಂಬರ್ ಬಂದೇ ಬರುತ್ತದೆ. ಒಂದನ್ನು ಇನ್ನೊಂದಕ್ಕೆ ತರುವುದು ಸುಲಭ. 28ನ್ನು 10ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 1.67 ಬರುತ್ತದೆ. ಎರಡನೇ ಶೀಟಿನ ನಂಬರುಗಳನ್ನು ಅದರಿಂದ ಗುಣಿಸಿದರೆ 80, 115, 139, 149 ಆಗುತ್ತವೆ.

ಈಗ ಪಕ್ಕಪಕ್ಕ ಇಟ್ಟು ನೋಡಿ. 10 ಮಿ.ಮೀ.ನಲ್ಲಿ 150 ಮತ್ತು 149. ಅಷ್ಟು ಚಿಕ್ಕ ವ್ಯತ್ಯಾಸ ಬೆಂಚಿನ ತಪ್ಪಿನಲ್ಲೇ ಮುಚ್ಚಿಹೋಗುತ್ತದೆ. ಆದರೆ 4ರಲ್ಲಿ 70ಕ್ಕೆ 80, 6ರಲ್ಲಿ 104ಕ್ಕೆ 115, 8ರಲ್ಲಿ 130ಕ್ಕೆ 139. ನಿಮ್ಮ ವಾಲ್ವ್ 8 ದಾಟುವುದೇ ಇಲ್ಲ. ಹಾಗಿದ್ದ ಮೇಲೆ ಆ 150 ನಿಮ್ಮ ಎಂಜಿನ್ ಪಾಲಿಗೆ ಕನ್ನಡಿಯೊಳಗಿನ ಗಂಟು. ಎರಡನೇ ಹೆಡ್ಡೇ ಒಳ್ಳೆಯದು.

ಮಧ್ಯದ ಲಿಫ್ಟಿಗೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ವಾಲ್ವ್ ತುತ್ತತುದಿಗೆ ಹೋಗುವುದು ಒಂದೇ ಸಲ. 4, 5, 6 ಮಿ.ಮೀ. ಜಾಗವನ್ನು ಮಾತ್ರ ಏಳುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ ದಾಟುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಪಿಸ್ಟನ್ ಅತಿ ಜೋರಾಗಿ ಕೆಳಗೆ ಓಡುವುದು, ಅದು ಮೇಲಿನ ತುದಿಯಿಂದ ಹೊರಟು ಕ್ರ್ಯಾಂಕ್ ಸುಮಾರು 75 ಡಿಗ್ರಿ ತಿರುಗಿದಾಗ. ವಾಲ್ವ್ ಪೂರ್ತಿ ತೆರೆಯುವುದು ಸಾಮಾನ್ಯವಾಗಿ 105-110 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಪಿಸ್ಟನ್ 'ಗಾಳಿ ತಾ' ಎಂದು ಎಳೆಯುವ ಹೊತ್ತಿಗೆ ವಾಲ್ವ್ ಇನ್ನೂ ಏಳುತ್ತಲೇ ಇರುತ್ತದೆ. ಮಧ್ಯದ ಲಿಫ್ಟಿನಲ್ಲಿ ಚೆನ್ನಾಗಿ ಉಸಿರಾಡುವ ಹೆಡ್ಡು ಗೆಲ್ಲುವುದು ಅಲ್ಲೇ. ಈ ಗುಣ ಬರುವುದು ಪೋರ್ಟ್ ಕೊರೆಯುವುದರಿಂದ ಅಲ್ಲ, ಸೀಟ್ (ವಾಲ್ವ್ ಮುಚ್ಚಿ ಕೂರುವ ಅಂಚು) ಕಟಿಂಗ್‌ನಿಂದ. 45 ಡಿಗ್ರಿ ಸೀಟಿನ ಮೇಲೊಂದು 30, ಕೆಳಗೊಂದು 60 ಕೊಟ್ಟು ಗಾಳಿ ನಯವಾಗಿ ತಿರುಗುವ ಹಾಗೆ ಮಾಡುವ ಕೆಲಸ ಅದು. ಆ ಎರಡನೇ ಹೆಡ್ ಮಾಡಿದವರಿಗೆ ಸೀಟ್ ಕೆಲಸ ಗೊತ್ತಿದೆ ಅಂತ ನನ್ನ ಊಹೆ.

ಇನ್ನು ಪೋರ್ಟಿನ ಗಾತ್ರ. ಇದನ್ನು ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ನಾಜಲ್ ತೂತು ದೊಡ್ಡದಾದರೆ ಏನಾಗುತ್ತದೆ, ನಿಮಗೇ ಗೊತ್ತಲ್ವಾ? ಔಷಧಿ ಜಾಸ್ತಿ ಹೋಗುತ್ತದೆ, ಗೊನೆಗೆ ಮುಟ್ಟುವುದಿಲ್ಲ. ಪೋರ್ಟೂ ಹಾಗೇ. ವಾಲ್ವ್ ಮುಚ್ಚುವುದು ಪಿಸ್ಟನ್ ಕೆಳಗೆ ಮುಟ್ಟಿ ಮತ್ತೆ ಮೇಲೆ ಹೊರಟ ಮೇಲೆ. ಆ ಹೊತ್ತಿನಲ್ಲಿ ಗಾಳಿ ತನ್ನ ವೇಗದ ಬಲದಿಂದಲೇ ಒಳಗೆ ನುಗ್ಗುತ್ತಿರಬೇಕು. ಪೋರ್ಟ್ ಅಗಲವಾಗಿ ವೇಗ ಸತ್ತರೆ, ಕಡಿಮೆ ಆರ್‌ಪಿಎಂನಲ್ಲಿ ಪಿಸ್ಟನ್ ಅದೇ ಗಾಳಿಯನ್ನು ವಾಪಸ್ ತಳ್ಳಿಬಿಡುತ್ತದೆ. ಬೆಂಚಿನ ಮೇಲೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಅಲ್ಲಿ ಗಾಳಿ ಒಂದೇ ಸಮನೆ ಹರಿಯುತ್ತದೆ. ನಿಲ್ಲುವುದಿಲ್ಲ, ತಿರುಗುವುದಿಲ್ಲ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಹುಮ್ಮಸ್ಸಿನ ವಯಸ್ಸಿನಲ್ಲಿ ಒಂದು ಎಸ್ಟೀಮ್ ಕಾರಿನ ಹೆಡ್ಡಿನ ಪೋರ್ಟುಗಳನ್ನು ಕೊರೆದು ಕೊರೆದು, ಕನ್ನಡಿ ಹಾಗೆ ಉಜ್ಜಿ ಇಟ್ಟಿದ್ದೆ. ನೋಡಲು ಬಲು ಚೆಂದ. ಆಗುಂಬೆ ಘಾಟಿಯ 14 ತಿರುವು ಹತ್ತಿಸುವಾಗ ಗೊತ್ತಾಯಿತು. ಮೊದಲು ಎರಡನೇ ಗೇರಿನಲ್ಲಿ ಎಳೆಯುತ್ತಿದ್ದ ತಿರುವುಗಳಲ್ಲೆಲ್ಲ ಒಂದಕ್ಕೆ ಇಳಿಸಬೇಕಾಯಿತು. ಜೊತೆಗಿದ್ದ ಸ್ನೇಹಿತ 'ಇದಕ್ಕಿಂತ ನಡ್ಕೊಂಡು ಹೋಗಬಹುದಿತ್ತು ಮಾರಾಯ' ಅಂದ. ಕೊರೆದ ಲೋಹ ವಾಪಸ್ ಅಂಟುತ್ತದಾ? ಆ ಹೆಡ್ ಗುಜರಿಗೆ ಹೋಯಿತು.

ಅಮೆರಿಕದಲ್ಲಿ ಈ ಪಾಠ ಅಂಗಡಿಯ ಕಪಾಟಿನಲ್ಲೇ ಕಾಣುತ್ತದೆ. 1955ರಲ್ಲಿ ಬಂದ ಷೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿಗೆ ಎಎಫ್‌ಆರ್ ಕಂಪನಿ ಇನ್‌ಟೇಕ್ ಪೋರ್ಟಿನ ಗಾತ್ರದ ಮೇಲೆಯೇ 180, 195, 210 ಸಿಸಿ ಎಂದು ಹೆಡ್ ಮಾರುತ್ತದೆ. ರಸ್ತೆ ಗಾಡಿಗೆ ಚಿಕ್ಕದು, ಜಾಸ್ತಿ ತಿರುಗುವ ರೇಸ್ ಎಂಜಿನ್ನಿಗೆ ದೊಡ್ಡದು. ನಮ್ಮಲ್ಲಿ ಜಿಪ್ಸಿಗೆ ಸಿಗುವುದು ಹೊಸದಾಗಿ ಎರಕ ಹೊಯ್ದ ಹೆಡ್ ಅಲ್ಲ, ಕಂಪನಿ ಹೆಡ್ಡನ್ನೇ ಉಜ್ಜಿದ್ದು. ಹಾಗಾಗಿ ಪೋರ್ಟ್ ಗಾತ್ರವನ್ನು ನೀವೇ ಅಳೆಯಬೇಕು. ವಾಲ್ವ್ ಮುಚ್ಚಿ, ಪೋರ್ಟಿನ ಬಾಯಿ ಮೇಲೆ ಮಾಡಿ, ಸಿರಿಂಜಿನಿಂದ ಸೀಮೆಎಣ್ಣೆ ತುಂಬಿ. ಎಷ್ಟು ಸಿಸಿ ಹಿಡಿಯಿತು ಎಂದು ಬರೆದಿಡಿ. ಎರಡನ್ನೂ ಕಂಪನಿ ಹೆಡ್ಡಿನ ಜೊತೆ ಹೋಲಿಸಿ. ಮಳೆಗಾಲದ ಕೆಸರಿನಲ್ಲಿ ಓಡಿಸುವವರು ನೀವು. ನಿಮಗೆ ಬೇಕಾದ್ದು 3000 ಆರ್‌ಪಿಎಂನ ಎಳೆತ. ಗಾಳಿ ಸಮವಾಗಿದ್ದರೆ ಚಿಕ್ಕ ಪೋರ್ಟನ್ನೇ ಆರಿಸಿ. ಸೀಮೆಎಣ್ಣೆ ತುಂಬುವಾಗಲೇ ವಾಲ್ವ್ ಸೀಟ್ ಸೋರುತ್ತದಾ ಅನ್ನುವುದೂ ಗೊತ್ತಾಗುತ್ತದೆ. ಸೋರಿದರೆ ಶೀಟ್ ಮಡಿಚಿ ವಾಪಸ್ ಕೊಡಿ.

ಆ 15 ಎಚ್‌ಪಿ ಮಾತಿಗೆ ಬರೋಣ. ಎಂಜಿನ್ ಕಟ್ಟುವವರ ಬಳಿ ಒಂದು ಹಳೇ ಸೂತ್ರ ಇದೆ: 28 ಇಂಚಿನ ಸಿಎಫ್‌ಎಂ ಅನ್ನು 0.257ರಿಂದಲೂ ಸಿಲಿಂಡರ್ ಸಂಖ್ಯೆಯಿಂದಲೂ ಗುಣಿಸಿ. ನಿಮ್ಮ 139ಕ್ಕೆ 143 ಎಚ್‌ಪಿ ಬರುತ್ತದೆ. ನಿಮ್ಮ ಜಿಪ್ಸಿ ಎಂಜಿನ್ ಕಂಪನಿಯಿಂದ ಬಂದಾಗ ಇದ್ದದ್ದು 80. ಸೂತ್ರ ಹೇಳುವುದು ಎಲ್ಲವೂ ಸರಿಯಾಗಿದ್ದರೆ ಮುಟ್ಟಬಹುದಾದ ಗರಿಷ್ಠ ಮಿತಿ ಅಷ್ಟೇ. ಕ್ಯಾಮ್ ಅದೇ, ಥ್ರಾಟಲ್ ಬಾಡಿ ಅದೇ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅದೇ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೂಡ ಅದೇ ಇರುವಾಗ ಹೆಡ್ ಒಂದೇ 15 ತಂದುಕೊಡುತ್ತದೆ ಅಂದರೆ ನಾನು ನಂಬುವುದಿಲ್ಲ. ಎಕ್ಸಾಸ್ಟ್ ಕಡೆಯ ನಂಬರನ್ನೂ ಕೇಳಿ. ಅದು ಇನ್‌ಟೇಕಿನ ಮುಕ್ಕಾಲು ಭಾಗದಷ್ಟಿದ್ದರೆ ಸಾಕು. ಆದರೆ ಪೈಪ್ ತುಂಡು ಜೋಡಿಸಿ ಅಳೆದಿದ್ದಾರಾ, ಇಲ್ಲವಾ ಎಂದೂ ಕೇಳಿ. ಪೈಪ್ ಇದ್ದರೆ ನಂಬರ್ ಏರುತ್ತದೆ.

ಹೆಡ್ ಫೇಸಿಂಗ್ (ಹೆಡ್ಡಿನ ತಳ ಕೆರೆದು ಸಮ ಮಾಡುವುದು) ಎಷ್ಟು ಆಗಿದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ನಿಮ್ಮದು 74 ಮಿ.ಮೀ. ಬೋರ್ (ಸಿಲಿಂಡರಿನ ಅಗಲ). ಅರ್ಧ ಮಿಲಿಮೀಟರ್ ತೆಗೆದರೆ ಹೆಚ್ಚೆಂದರೆ 2 ಸಿಸಿ ಜಾಗ ಕಡಿಮೆಯಾಗುತ್ತದೆ. ಕಂಪ್ರೆಷನ್ (ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) 9.5 ಇದ್ದರೆ 10ರ ಹತ್ತಿರ ಬರುತ್ತದೆ. ಹಾಗೆ ನೋಡಿದರೆ 'ಪೋರ್ಟಿಂಗ್‌ನಿಂದ ಬಂತು' ಅನ್ನುವ ಪಿಕಪ್ ಎಷ್ಟೋ ಸಲ ಬಂದಿರುವುದು ಫೇಸಿಂಗ್‌ನಿಂದಲೇ. ಮುಂದೆ ಜಾಸ್ತಿ ಲಿಫ್ಟಿನ ಕ್ಯಾಮ್ ಹಾಕುವುದಾದರೆ ಪಿಸ್ಟನ್ ಮೇಲೆ ಮೆತ್ತನೆ ಜೇಡಿ ಇಟ್ಟು, ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಬಿಚ್ಚಿ ಕತ್ತರಿಸಿ ನೋಡಿ. ಇನ್‌ಟೇಕ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಸಂದಿ ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಉಳಿದಿರಬೇಕು.

ಪ್ರಶ್ನೆ: ಹೊಸ ಹೆಡ್ ಹಾಕಿಸಿದೆ. ಚೆನ್ನೈನಲ್ಲಿ ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ತೋರಿಸಿದ ಪವರ್ ನಮ್ಮ ಚಿಕ್ಕಮಗಳೂರಿಗೆ ಬಂದ ಮೇಲೆ ಸಿಗುತ್ತಿಲ್ಲ. ಮೋಸ ಹೋದೆನಾ?

ಉತ್ತರ: ಮೋಸ ಅಂತಲೇ ಹೇಳಲಾಗದು. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿದ ಹಾಗೆ ಸುಮಾರು ಶೇ. 3ರಷ್ಟು ಪವರ್ ಕಳೆದುಕೊಳ್ಳುತ್ತದೆ. ಚೆನ್ನೈ ಸಮುದ್ರದ ಮಟ್ಟದಲ್ಲಿದೆ, ಚಿಕ್ಕಮಗಳೂರು ಸಾವಿರ ಮೀಟರ್ ದಾಟಿದೆ. ಮುಳ್ಳಯ್ಯನಗಿರಿ ಕಡೆ ಹತ್ತಿಸಿದರೆ ಇನ್ನೂ ಸೊರಗುತ್ತದೆ. ಹೆಡ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ, ಒಂದೇ ಡೈನೋ ಮೇಲೆ ನೋಡಿದ್ದೀರಾ? ಆ ಎರಡರ ವ್ಯತ್ಯಾಸ ಅಷ್ಟೇ ನಿಮ್ಮ ದುಡ್ಡಿಗೆ ಬಂದ ಫಲ. ಹವೆ, ಗಾಳಿಯ ಒತ್ತಡಕ್ಕೆ ತಕ್ಕಂತೆ ಡೈನೋ ಲೆಕ್ಕಕ್ಕೆ ತಿದ್ದುಪಡಿ ಯಾವುದು ಹಾಕಿದ್ದಾರೆ ಅಂತಲೂ ನೋಡಿ. ಎಸ್‌ಎಇ (ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ) ಮಾಡಿದ ಹಳೆಯ ಜೆ607 ಲೆಕ್ಕ ಈಗಿನ ಜೆ1349ಕ್ಕಿಂತ ಸುಮಾರು ಶೇ. 4 ಜಾಸ್ತಿ ತೋರಿಸುತ್ತದೆ.

ಪ್ರಶ್ನೆ: ಸಾಗರದಿಂದ. ನನ್ನ ಆರ್‌ಎಕ್ಸ್ 100 ಬೈಕಿಗೆ ದೊಡ್ಡ ಫಿನ್ನಿನ (ಬಿಸಿ ಇಳಿಸುವ ರೆಕ್ಕೆಯ) ಹೆಡ್ ಹಾಕಿದರೆ ಗಾಳಿ ಜಾಸ್ತಿ ಹೋಗುತ್ತದಾ?

ಉತ್ತರ: ಇಲ್ಲ. ಅದು ಟು ಸ್ಟ್ರೋಕ್. ಹೆಡ್ಡಿನಲ್ಲಿ ವಾಲ್ವೇ ಇಲ್ಲ, ಪ್ಲಗ್ ಒಂದೇ. ಗಾಳಿ ರೀಡ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ತೆಳು ಪಟ್ಟಿ) ದಾಟಿ ಕ್ರ್ಯಾಂಕ್ ಕೇಸಿಗೆ ಬಂದು, ಸಿಲಿಂಡರ್ ಗೋಡೆಯ ಪೋರ್ಟುಗಳಿಂದ ಮೇಲೆ ಹೋಗುತ್ತದೆ. ದೊಡ್ಡ ಫಿನ್ ಬಿಸಿ ಇಳಿಸುತ್ತದೆ, ಘಾಟಿ ಹತ್ತುವಾಗ ಅದೂ ಬೇಕು. ಪವರ್ ವ್ಯತ್ಯಾಸ ಆಗುವುದು ಹೆಡ್ಡಿನ ಒಳ ಆಕಾರದಿಂದ, ಪಿಸ್ಟನ್ನಿಗೂ ಹೆಡ್ಡಿನ ಅಂಚಿಗೂ ನಡುವಿನ ಸಂದಿಯಿಂದ. ಹೊಸ ಹೆಡ್ ಹಾಕಿದ ಮೇಲೆ ಪ್ಲಗ್ ತೂತಿನಿಂದ ಬೆಸುಗೆಯ ಸೀಸದ ತಂತಿಯನ್ನು ಸಿಲಿಂಡರ್ ಗೋಡೆ ಮುಟ್ಟುವ ತನಕ ತೂರಿಸಿ, ಕಿಕ್ಕರನ್ನು ಮೆಲ್ಲಗೆ ಕೈಯಲ್ಲೇ ಒತ್ತಿ. ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. 1 ಮಿ.ಮೀ. ಆಸುಪಾಸು ಇದ್ದರೆ ಕಿಕ್ ಹೊಡೆಯಿರಿ. ತೀರಾ ಕಡಿಮೆ ಇದ್ದರೆ ದಪ್ಪ ಗ್ಯಾಸ್ಕೆಟ್ ತರುವ ತನಕ ಸ್ಟಾರ್ಟ್ ಮಾಡಬೇಡಿ.